ಕ್ಲೇರ್ ವೀಕ್ಸ್

ಹೇಜಲ್ ಕ್ಲೇರ್ ವೀಕ್ಸ್ (11 ಏಪ್ರಿಲ್ 1903 – 2 ಜೂನ್ 1990) ಆಸ್ಟ್ರೇಲಿಯಾದ ವೈದ್ಯೆ, ಪ್ರಾಣಿವಿಜ್ಞಾನಿ ಹಾಗೂ ಲೇಖಕಿ. ಆತಂಕದ ಕಾಯಿಲೆಗಳಿಂದ ಬಳಲುವವರು ತಮ್ಮ ಸ್ಥಿತಿಯನ್ನು ತಾವೇ ಅರ್ಥಮಾಡಿಕೊಂಡು ಚೇತರಿಸಿಕೊಳ್ಳಲು ನೆರವಾಗುವ ಸರಳ ವಿಧಾನವೊಂದನ್ನು ರೂಪಿಸಿದವರೆಂದು ಅವರು ಪ್ರಸಿದ್ಧರಾಗಿದ್ದಾರೆ. ಭಯದೊಡನೆ ಹೋರಾಡಿದಷ್ಟೂ ಭಯ ಬೆಳೆಯುತ್ತದೆ ಎಂಬುದು ಅವರ ಚಿಂತನೆಯ ತಿರುಳು. ಈ ತಿಳಿವಳಿಕೆ ಅವರಿಗೆ ಮೊದಲು ದೊರೆತದ್ದು ಸ್ವಂತ ಅನುಭವದಿಂದ.

ಜನನ ಮತ್ತು ಶಿಕ್ಷಣ

ವೀಕ್ಸ್ ಅವರು ಸಿಡ್ನಿ ನಗರದಲ್ಲಿ ಜನಿಸಿದರು. ತಂದೆ ಸಂಗೀತಗಾರರು. ನಾಲ್ವರು ಮಕ್ಕಳಲ್ಲಿ ಕ್ಲೇರ್ ಹಿರಿಯರು. ಸಿಡ್ನಿ ಬಾಲಕಿಯರ ಪ್ರೌಢಶಾಲೆಯಲ್ಲಿ ಓದಿದ ಬಳಿಕ ಸಿಡ್ನಿ ವಿಶ್ವವಿದ್ಯಾಲಯವನ್ನು ಸೇರಿ ಪ್ರಾಣಿವಿಜ್ಞಾನವನ್ನು ವ್ಯಾಸಂಗದ ವಿಷಯವಾಗಿ ಆರಿಸಿಕೊಂಡರು. ವಿಜ್ಞಾನ ವಿಭಾಗಗಳಲ್ಲಿ ಹೆಣ್ಣುಮಕ್ಕಳ ಸಂಖ್ಯೆ ತೀರ ಕಡಿಮೆಯಿದ್ದ ಕಾಲವದು.

ಪ್ರಾಣಿವಿಜ್ಞಾನದಲ್ಲಿ ಸಂಶೋಧನೆ

ಬಹುಪಾಲು ಸರೀಸೃಪಗಳು ಮೊಟ್ಟೆಯಿಡುತ್ತವೆ. ಆದರೆ ಆಸ್ಟ್ರೇಲಿಯಾದ ಕೆಲವು ಜಾತಿಯ ಹಲ್ಲಿಗಳು ಮರಿಹಾಕುತ್ತವೆ. ಇಂತಹ ಹಲ್ಲಿಗಳ ದೇಹದಲ್ಲಿ ತಾಯಿಗೂ ಭ್ರೂಣಕ್ಕೂ ಸಂಬಂಧ ಕಲ್ಪಿಸುವ ಜರಾಯುವಿನ ರಚನೆಯನ್ನು ವೀಕ್ಸ್ ಅಧ್ಯಯನ ಮಾಡಿ, ಅದರ ಬಗೆಗಳನ್ನು ವರ್ಗೀಕರಿಸಿದರು. ಎತ್ತರದ ಶೀತಪ್ರದೇಶಗಳಲ್ಲಿ ವಾಸಿಸುವುದಕ್ಕೂ ಮರಿಹಾಕುವ ಗುಣಕ್ಕೂ ಇರುವ ನಂಟನ್ನು ತಮ್ಮ ಬರಹಗಳಲ್ಲಿ ಚರ್ಚಿಸಿದರು. 1930ರಲ್ಲಿ ಸಿಡ್ನಿ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಆಫ್ ಸೈನ್ಸ್ ಪದವಿಯನ್ನು ನೀಡಿತು. ಅಲ್ಲಿ ಈ ಪದವಿ ಪಡೆದ ಮೊದಲ ಮಹಿಳೆ ಅವರೇ. ಸರೀಸೃಪಗಳ ಸಂತಾನೋತ್ಪತ್ತಿಯ ಅಧ್ಯಯನದಲ್ಲಿ ಅವರ ಪ್ರಬಂಧಗಳನ್ನು ಮುಂದಿನ ತಲೆಮಾರಿನ ವಿಜ್ಞಾನಿಗಳೂ ಆಧಾರವಾಗಿ ಬಳಸಿಕೊಂಡಿದ್ದಾರೆ.

ಅನಾರೋಗ್ಯ ಮತ್ತು ಆತಂಕ

ಸಂಶೋಧನೆಯ ಈ ಉತ್ಸಾಹದ ದಿನಗಳಲ್ಲಿಯೇ ವೀಕ್ಸ್ ಅವರ ಆರೋಗ್ಯ ಕೆಟ್ಟಿತು. 1928ರಲ್ಲಿ ವೈದ್ಯರು ಅವರಿಗೆ ಕ್ಷಯರೋಗವಿದೆಯೆಂದು ತಪ್ಪಾಗಿ ನಿರ್ಣಯಿಸಿದರು. ಕ್ಷಯಕ್ಕೆ ಪರಿಣಾಮಕಾರಿ ಔಷಧವೇ ಇಲ್ಲದಿದ್ದ ಆ ಕಾಲದಲ್ಲಿ ಇದು ಮರಣದ ಸೂಚನೆಯಂತೆಯೇ ಇತ್ತು. ಸುಮಾರು ಆರು ತಿಂಗಳು ಅವರು ಆರೋಗ್ಯಧಾಮದಲ್ಲಿ ಕಳೆಯಬೇಕಾಯಿತು. ಮಾಡಲು ಕೆಲಸವಿಲ್ಲದೆ ಮಲಗಿದ್ದ ಅವರ ಗಮನವೆಲ್ಲ ತಮ್ಮ ಎದೆಬಡಿತದ ಮೇಲೆಯೇ ನೆಲೆಸಿತು. ಕ್ಷಯವಿಲ್ಲವೆಂದು ತಿಳಿದ ಮೇಲೂ ತೀವ್ರವಾದ ಎದೆಬಡಿತ ಮತ್ತು ಅದರ ಭೀತಿ ಅವರನ್ನು ಬಿಡಲಿಲ್ಲ.

ರಾಕ್‌ಫೆಲರ್ ವಿದ್ಯಾರ್ಥಿವೇತನ ಪಡೆದು ಹೆಚ್ಚಿನ ಸಂಶೋಧನೆಗಾಗಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ತೆರಳಿದಾಗಲೂ ಈ ತೊಂದರೆ ಮುಂದುವರಿಯಿತು. ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿದ್ದ ಗೆಳೆಯರೊಬ್ಬರ ಬಳಿ ಅವರು ಇದನ್ನು ಹೇಳಿಕೊಂಡರು. ಕಂದಕಗಳಲ್ಲಿ ಹೋರಾಡುತ್ತಿದ್ದ ಸೈನಿಕರಿಗೂ ಹೀಗೆಯೇ ಆಗುತ್ತಿತ್ತೆಂದೂ, ಬಡಿತಕ್ಕೆ ಹೆದರುವುದರಿಂದಲೇ ಬಡಿತ ನಿಲ್ಲದೆ ಮುಂದುವರಿಯುತ್ತದೆಂದೂ ಆ ಗೆಳೆಯರು ವಿವರಿಸಿದರು. ತಮ್ಮ ಹೃದಯಕ್ಕೆ ರೋಗವಿಲ್ಲ, ಹೆದರಿಕೆಯೇ ಕಾರಣ ಎಂಬುದು ವೀಕ್ಸ್ ಅವರಿಗೆ ಮನವರಿಕೆಯಾಯಿತು. ಬಡಿತವನ್ನು ಅಡಗಿಸುವ ಪ್ರಯತ್ನವನ್ನು ಬಿಟ್ಟುಕೊಟ್ಟ ಮೇಲೆ ಅವರು ಚೇತರಿಸಿಕೊಂಡರು.

ವೈದ್ಯವೃತ್ತಿ

ವೀಕ್ಸ್ ಅವರು ತಮ್ಮ ಮೂವತ್ತರ ಹರೆಯದ ಕೊನೆಯಲ್ಲಿ ವೈದ್ಯಕೀಯ ಶಿಕ್ಷಣಕ್ಕೆ ಸೇರಿ, 1945ರಲ್ಲಿ ವೈದ್ಯ ಪದವಿ ಪಡೆದರು. ಬಳಿಕ ಸಿಡ್ನಿಯಲ್ಲಿ ವೃತ್ತಿಯನ್ನು ಆರಂಭಿಸಿದರು. ದೇಹದಲ್ಲಿ ಯಾವ ರೋಗವೂ ಕಾಣದಿದ್ದರೂ ಎದೆಬಡಿತ, ತಲೆಸುತ್ತು, ನಡುಕ, ನಿದ್ರಾಹೀನತೆಗಳಿಂದ ನರಳುವವರು, ಮನೆಯಿಂದ ಹೊರಗೆ ಕಾಲಿಡಲೂ ಅಂಜುವವರು ಅವರ ಬಳಿ ಬರುತ್ತಿದ್ದರು. ತಾವು ಅನುಭವಿಸಿದ್ದನ್ನೇ ವೀಕ್ಸ್ ಇವರಲ್ಲಿ ಗುರುತಿಸಿದರು.

ಚಿಕಿತ್ಸಾ ವಿಧಾನ

ವೀಕ್ಸ್ ಅವರು ಭಯವನ್ನು ಎರಡು ಹಂತಗಳಾಗಿ ವಿಂಗಡಿಸಿದರು. ಮೊದಲನೆಯ ಭಯವು ತಾನಾಗಿಯೇ ಥಟ್ಟನೆ ಹುಟ್ಟುವಂಥದು. ಬಹುಕಾಲದ ಒತ್ತಡದಿಂದ ನರಮಂಡಲ ಅತಿಸೂಕ್ಷ್ಮವಾದಾಗ ಇದು ಸಣ್ಣ ಕಾರಣಕ್ಕೂ ತೀವ್ರವಾಗಿ ಮೇಲೇಳುತ್ತದೆ. ಆ ಅನುಭವಕ್ಕೇ ಹೆದರಿ, ಮುಂದೇನಾಗುವುದೋ ಎಂದು ಯೋಚಿಸಿದಾಗ ಸೇರಿಕೊಳ್ಳುವುದು ಎರಡನೆಯ ಭಯ. ಇದರಿಂದ ಅಡ್ರಿನಲಿನ್ ಇನ್ನಷ್ಟು ಸ್ರವಿಸಿ, ಲಕ್ಷಣಗಳು ಮತ್ತೆ ಹೆಚ್ಚುತ್ತವೆ. ಹೀಗೆ ಭಯ ಮತ್ತು ಲಕ್ಷಣಗಳು ಒಂದನ್ನೊಂದು ಪೋಷಿಸುವ ವಿಷವರ್ತುಲ ಏರ್ಪಡುತ್ತದೆ. ಮೊದಲನೆಯ ಭಯ ರೋಗಿಯ ಹಿಡಿತದಲ್ಲಿಲ್ಲ. ಎರಡನೆಯದನ್ನು ಸೇರಿಸದಿರಲು ಕಲಿಯಬಹುದು ಎಂಬುದು ಅವರ ನಿಲುವು.

ಇದಕ್ಕಾಗಿ ಅವರು ನಾಲ್ಕು ಹೆಜ್ಜೆಗಳನ್ನು ಸೂಚಿಸಿದರು. ಭಯದಿಂದ ಓಡಿಹೋಗದೆ ಅದನ್ನು ಎದುರುಗೊಳ್ಳುವುದು, ದೇಹದಲ್ಲಾಗುವ ಅನುಭವಗಳನ್ನು ಪ್ರತಿರೋಧವಿಲ್ಲದೆ ಒಪ್ಪಿಕೊಳ್ಳುವುದು, ಮೈಯನ್ನು ಬಿಗಿಹಿಡಿಯದೆ ನೀರಿನ ಮೇಲೆ ತೇಲುವವರಂತೆ ಮುಂದೆ ಸಾಗುವುದು ಹಾಗೂ ಅವಸರಪಡದೆ ಕಾಲ ಸರಿಯಲು ಬಿಡುವುದು. ಅತಿಸೂಕ್ಷ್ಮವಾದ ನರಮಂಡಲ ಶಾಂತವಾಗಲು ಸಮಯ ಬೇಕು. ನಡುವೆ ತೊಂದರೆ ಮರುಕಳಿಸಿದರೆ ಅದನ್ನು ಸೋಲೆಂದು ತಿಳಿಯಬಾರದೆಂದು ಅವರು ಬೋಧಿಸಿದರು. ಇಂತಹ ಲಕ್ಷಣಗಳು ಬೇರೆ ಕಾಯಿಲೆಗಳಲ್ಲಿಯೂ ಕಾಣಿಸುವುದರಿಂದ, ಈ ಅಭ್ಯಾಸಕ್ಕೆ ಮೊದಲು ವೈದ್ಯರಿಂದ ತಪಾಸಣೆ ಮಾಡಿಸಿಕೊಳ್ಳುವುದು ಅಗತ್ಯ.

ಕೃತಿಗಳು

1962ರಲ್ಲಿ ಪ್ರಕಟವಾದ 'ಸೆಲ್ಫ್ ಹೆಲ್ಪ್ ಫಾರ್ ಯುವರ್ ನರ್ವ್ಸ್' ವೀಕ್ಸ್ ಅವರ ಮೊದಲ ಜನಪ್ರಿಯ ಕೃತಿ. ಆಗ ಅವರಿಗೆ ಐವತ್ತೊಂಬತ್ತು ವರ್ಷ. ಅಮೆರಿಕದಲ್ಲಿ ಇದು 'ಹೋಪ್ ಅಂಡ್ ಹೆಲ್ಪ್ ಫಾರ್ ಯುವರ್ ನರ್ವ್ಸ್' ಎಂಬ ಹೆಸರಿನಲ್ಲಿ ಹೊರಬಂದಿತು. 'ಪೀಸ್ ಫ್ರಮ್ ನರ್ವಸ್ ಸಫರಿಂಗ್' 1972ರಲ್ಲಿಯೂ, 'ಸಿಂಪಲ್, ಎಫೆಕ್ಟಿವ್ ಟ್ರೀಟ್‌ಮೆಂಟ್ ಆಫ್ ಅಗೊರಾಫೋಬಿಯಾ' 1976ರಲ್ಲಿಯೂ ಪ್ರಕಟವಾದವು. ಮನೆಯಿಂದ ಹೊರಬರಲಾಗದ ದೂರದ ರೋಗಿಗಳಿಗಾಗಿ ಅವರು ತಮ್ಮ ಸಲಹೆಗಳನ್ನು ಧ್ವನಿಮುದ್ರಿಸಿ ಒದಗಿಸುತ್ತಿದ್ದರು. ಈ ರೀತಿ ದೂರದಿಂದಲೇ ಮಾರ್ಗದರ್ಶನ ನೀಡಿದ ಅನುಭವವನ್ನು 1973ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಬಂಧವಾಗಿ ಪ್ರಕಟಿಸಿದರು.

ಪ್ರಭಾವ

ವೀಕ್ಸ್ ಅವರು ಮನೋವೈದ್ಯರಾಗಿರಲಿಲ್ಲ. ಆತಂಕದ ಮೂಲವನ್ನು ರೋಗಿಯ ಬಾಲ್ಯದಲ್ಲಿ ಅರಸುವ ಮನೋವಿಶ್ಲೇಷಣೆ ಪ್ರಬಲವಾಗಿದ್ದ ಕಾಲದಲ್ಲಿ, ಮೂಲ ಕಾರಣಕ್ಕಿಂತ ಇಂದಿನ ಭಯವನ್ನು ಉಳಿಸಿರುವ ಕಾರಣ ಮುಖ್ಯವೆಂದು ಅವರು ವಾದಿಸಿದರು. ಹೀಗಾಗಿ ಸಾಮಾನ್ಯ ಓದುಗರಲ್ಲಿ ದೊರೆತಷ್ಟು ಮನ್ನಣೆ ಅವರಿಗೆ ತಜ್ಞರ ವಲಯದಲ್ಲಿ ಬೇಗನೆ ದೊರೆಯಲಿಲ್ಲ. ಕಾಲಾನಂತರದಲ್ಲಿ, ಭಯದ ಅನುಭವವನ್ನು ತಪ್ಪಿಸಿಕೊಳ್ಳದೆ ಒಪ್ಪಿಕೊಳ್ಳುವ ತತ್ತ್ವವು ಆತಂಕದ ಹಲವು ಆಧುನಿಕ ಮನೋಚಿಕಿತ್ಸೆಗಳಲ್ಲಿ ಸ್ಥಾನ ಪಡೆಯಿತು.

ಗೌರವ ಮತ್ತು ನಿಧನ

1979ರಲ್ಲಿ ಅವರಿಗೆ ಎಂ.ಬಿ.ಇ. ಗೌರವ ಲಭಿಸಿತು. 1990ರ ಜೂನ್ 2ರಂದು, ತಮ್ಮ 87ನೆಯ ವಯಸ್ಸಿನಲ್ಲಿ, ಅವರು ನ್ಯೂ ಸೌತ್ ವೇಲ್ಸ್‌ನಲ್ಲಿ ನಿಧನರಾದರು. ಅವರ ಪುಸ್ತಕಗಳು ಇಂದಿಗೂ ಮುದ್ರಣದಲ್ಲಿವೆ.