ಇಂದಿನ ಚಿಂತನೆ: ಸುಟ್ಟ ಶಾಸ್ತ್ರ, ಕಾದ ಕೆರೆ

 

ಕಳೆದ ವಾರ ಮೂಡಲಗಿಯಲ್ಲಿ ಧಮ್ಮ ಅಧ್ಯಯನ ಮುಗಿದ ಮೇಲೆ ಒಬ್ಬ ತಮ್ಮ ನನ್ನ ಹತ್ತಿರ ಬಂದ. ಅವನ ಊರಿನ ಚಹಾದಂಗಡಿಯಲ್ಲಿ ಇವತ್ತಿಗೂ ನಮ್ಮವರಿಗೆ ಬೇರೆ ಲೋಟವಂತೆ. ಅಂಗಡಿ ಒಡೆದು ಹಾಕೋಣವೇ, ಇನ್ನೂ ಕಾಯ್ದೆ ಕಾಯ್ದೆ ಅನ್ನುತ್ತ ಕೂರೋಣವೇ ಎಂದು ಕೇಳಿದ. ಗೋಕಾಕಿಗೆ ಬರುವ ದಾರಿಯುದ್ದಕ್ಕೂ ನನಗೆ ಬಾಬಾಸಾಹೇಬರ ಮಹಾಡ್ ನೆನಪಾಯಿತು.

ಆಗ ನಮ್ಮ ಗೋಕಾಕ, ಹುಕ್ಕೇರಿ ಸೀಮೆಯೂ ಮುಂಬೈ ಪ್ರಾಂತಕ್ಕೆ ಸೇರಿತ್ತು. ಸಾರ್ವಜನಿಕ ಕೆರೆ, ಬಾವಿ ಎಲ್ಲರಿಗೂ ತೆರೆದಿರಬೇಕೆಂದು 1923ರಲ್ಲೇ ಮುಂಬೈ ಶಾಸನಸಭೆ ಠರಾವು ಮಾಡಿತ್ತು. 1925ರಲ್ಲಿ ಬಾಬಾಸಾಹೇಬರು ನಮ್ಮ ಪಕ್ಕದ ನಿಪ್ಪಾಣಿಗೆ ಬಂದು ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದರು. ಠರಾವು ಕಾಗದದಲ್ಲಿತ್ತು, ನೀರು ಸಿಕ್ಕಿರಲಿಲ್ಲ.

1927ರ ಮಾರ್ಚ್ 20ರಂದು ಅವರು ಸಾವಿರಾರು ಜನರೊಂದಿಗೆ ಮಹಾಡಿನ ಚವದಾರ ಕೆರೆಗೆ ನಡೆದು ನೀರು ಕುಡಿದರು. ನಮ್ಮವರಿಗೆ ಏಟು ಬಿತ್ತು. ಕೆರೆಯನ್ನು ಶುದ್ಧ ಮಾಡಿಸಲಾಯಿತು. ಡಿಸೆಂಬರ್ 25ರಂದು ಮತ್ತೆ ಅಲ್ಲೇ ಸೇರಿ ಮನುಸ್ಮೃತಿಯನ್ನು ಸುಟ್ಟರು. ಆದರೆ ಕೆರೆ ಖಾಸಗಿ ಎಂದು ವಿರೋಧಿಗಳು ಕೋರ್ಟಿನಿಂದ ತಡೆಯಾಜ್ಞೆ ತಂದಿದ್ದರು. ಸಾವಿರಾರು ಜನ ಜೈಲಿಗೆ ಹೋಗಲೂ ತಯಾರಿದ್ದರು. ಬಾಬಾಸಾಹೇಬರು ಅವರನ್ನು ಒಪ್ಪಿಸಿ ಸತ್ಯಾಗ್ರಹ ಮುಂದೂಡಿದರು.

ಇದು ಹಿಂಜರಿಕೆ ಎಂದು ನಾನೂ ಒಂದು ಕಾಲಕ್ಕೆ ಅಂದುಕೊಂಡಿದ್ದೆ. ಈಗ ಬೇರೆ ತಿಳಿಯುತ್ತದೆ. ಮನುವಿನ ಕಾಯ್ದೆಯ ಮುಂದೆ ನಮಗೆ ವಾದ ಮಾಡುವ ಹಕ್ಕೇ ಇರಲಿಲ್ಲ; ಅದಕ್ಕೆ ಬೆಂಕಿಯೇ ಉತ್ತರ. ಕೋರ್ಟಿನ ಆದೇಶದ ಎದುರು ವಾದ ಮಾಡಬಹುದಿತ್ತು, ಮಾಡಿದರು. ಸುಮಾರು ಹತ್ತು ವರ್ಷ ಹಿಡಿಯಿತು. 1937ರ ಮಾರ್ಚ್ 17ರಂದು ಮುಂಬೈ ಹೈಕೋರ್ಟ್ ನಮ್ಮ ಪರವಾಗಿ ತೀರ್ಪು ಕೊಟ್ಟಿತು.

ಮುಂದೆ ಅದೇ ಕೈ ಸಂವಿಧಾನದ ಕರಡು ತಿದ್ದಿತು. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. 1949ರ ನವೆಂಬರ್ 25ರಂದು ಅವರು ಸಭೆಗೆ ಎರಡು ಮಾತು ತಿಳಿಸಿದರು. ಸಂವಿಧಾನದ ದಾರಿ ತೆರೆದ ಮೇಲೆ ಬೇರೆ ದಾರಿ ಬಿಡಬೇಕು. ಸಾಮಾಜಿಕ, ಆರ್ಥಿಕ ಅಸಮಾನತೆಯನ್ನು ಹಾಗೇ ಬಿಟ್ಟರೆ ನೊಂದವರೇ ಈ ಕಟ್ಟಡವನ್ನು ಉರುಳಿಸುತ್ತಾರೆ. ಭಿಕ್ಖು ಸಂಘದಲ್ಲಿ ಸಭೆಯ ನಿಯಮ, ಮತದಾನ ಇದ್ದುದನ್ನೂ ಅಂದೇ ನೆನಪಿಸಿದರು.

ಆದರೂ ಯಾವ ವಿಧಿಯೂ ಮನಸ್ಸನ್ನು ತೊಳೆಯಲಾರದು. ಅದಕ್ಕೇ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ.

ಆ ತಮ್ಮನಿಗೆ ನನ್ನ ಉತ್ತರ ಇಷ್ಟು: ಅಂಗಡಿ ಒಡೆಯುವುದು ಬೇಡ, ಸುಮ್ಮನಿರುವುದೂ ಬೇಡ. ದೂರು ಬರೆಯೋಣ. ಠಾಣೆಗೆ ನೀನೊಬ್ಬನೇ ಹೋಗಬೇಡ, ನಾವೆಲ್ಲ ಬರುತ್ತೇವೆ.

ಇಂದು ಸಂಜೆ ಪಂಚಶೀಲದ ನಂತರ ಮನೆಯ ಮಕ್ಕಳಿಂದ 17ನೇ ವಿಧಿ ಓದಿಸಿ.

ಭವತು ಸಬ್ಬ ಮಂಗಲಂ 🙏