ಮೈಕೋ ಪ್ಲಗ್ ಹಿಂದಿನ ಮನುಷ್ಯ

ಹೋದ ರಜೆಯಲ್ಲಿ ನಾವು ಐದು ಜನ ಕುದುರೆಮುಖ ಹತ್ತೋಣ ಅಂತ ಸಂಸೆಗೆ ಹೋಗಿದ್ವಿ. ಹತ್ತಲಿಲ್ಲ. ಮಳೆ ಬಿಡಲೇ ಇಲ್ಲ. ಗೆಳೆಯನ ಅಜ್ಜನ ಮನೆ ಜಗಲಿಯಲ್ಲಿ ಕೂತು ಹಲಸಿನ ಹಪ್ಪಳ ತಿಂದಿದ್ದಷ್ಟೇ ಬಂತು. ಮಾರನೇ ದಿನ ಅಜ್ಜಿಯನ್ನು ಕಳಸಕ್ಕೆ ಡಾಕ್ಟರ್ ಹತ್ರ ಕರ್ಕೊಂಡು ಹೋಗಬೇಕಿತ್ತು. ಸಂಜೆ ನೋಡಿದರೆ ಶೆಡ್ಡಿನಲ್ಲಿದ್ದ ಹಳೇ ಪೆಟ್ರೋಲ್ ಜೀಪು ಸ್ಟಾರ್ಟ್ ಆಗ್ತಿಲ್ಲ.

ನಮ್ಮಲ್ಲಿ ಮೂವರು ಮೆಕ್ಯಾನಿಕಲ್. ಬಾನೆಟ್ ಎತ್ತಿ ಮೂವರೂ ಗಂಭೀರವಾಗಿ ನೋಡಿದ್ವಿ, ಅಷ್ಟೇ. ಕೊನೆಗೆ ಅಜ್ಜನೇ ಟಾರ್ಚ್ ಹಿಡ್ಕೊಂಡು ಬಂದ್ರು. ಹೆಡ್‌ಲೈಟ್ ಚೆನ್ನಾಗಿ ಉರೀತಿದೆ, ಸ್ಟಾರ್ಟರ್ ಜೋರಾಗಿ ತಿರುಗುತ್ತಿದೆ, ಅಂದ್ರೆ ಬ್ಯಾಟರಿ ತಪ್ಪಲ್ಲ. ಪ್ಲಗ್ ಬಿಚ್ಚಿ ಮೂಸಿದ್ರು. ಪೆಟ್ರೋಲ್ ವಾಸನೆ ಇದೆ, ಅಂದ್ರೆ ಕಾರ್ಬ್ಯುರೇಟರ್ ತಪ್ಪಲ್ಲ. ಪ್ಲಗ್ಗಿಗೆ ವೈರ್ ಸಿಕ್ಕಿಸಿ, ಎಂಜಿನ್ ಹೆಡ್ ಮೇಲೆ ಮಲಗಿಸಿ, ನಮ್ಮವನೊಬ್ಬನಿಗೆ ಸ್ಟಾರ್ಟರ್ ಒತ್ತೋಕೆ ಹೇಳಿದ್ರು. ಕಿಡಿಯೇ ಇಲ್ಲ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದರೆ ಒಳಗೆ ಮಂಜು ಹಿಡಿದ ಹಾಗೆ ಪಸೆ, ಕೆಳಗೆ ಪಾಯಿಂಟ್ ಕಪ್ಪಾಗಿದೆ. ಕ್ಯಾಪನ್ನು ಬಟ್ಟೆಯಲ್ಲಿ ಒರೆಸಿ ಒಲೆ ಹತ್ತಿರ ಒಣಗಿಸಿದ್ರು. ಪಾಯಿಂಟಿಗೆ ಎರಡು ಸಲ ಉಪ್ಪುಕಾಗದ ಆಡಿಸಿದ್ರು. ಈ ಸಲ ನೀಲಿ ಕಿಡಿ ಚಟಚಟ ಅಂತ ಬಂತು. ಒಂದು ಪ್ಲಗ್ ಮಾತ್ರ ತೀರಾ ಸವೆದಿದೆ ಅಂತ ಬದಲಾಯಿಸಿ, ಹಳೇದನ್ನು ನಮ್ಮ ಕೈಗೆ ಕೊಟ್ರು. ಅದರ ಮೇಲೆ ಮೈಕೋ ಅಂತ ಬರೆದಿತ್ತು.

ಬೆಂಗಳೂರಿನಲ್ಲಿ ಮೈಕೋ ಲೇಔಟ್ ಗೊತ್ತು, ಪ್ಲೇಸ್‌ಮೆಂಟ್ ಲಿಸ್ಟಿನಲ್ಲಿ ಬಾಷ್ ಗೊತ್ತು. ಎರಡಕ್ಕೂ ಸಂಬಂಧ ಇದೆ ಅಂತ, ಬಾಷ್ ಅನ್ನೋದು ಒಬ್ಬ ಮನುಷ್ಯನ ಹೆಸರು ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ಹಾಸ್ಟೆಲ್ಲಿಗೆ ಬಂದ ಮೇಲೆ ಓದಿದ್ವಿ.

ರಾಬರ್ಟ್ ಬಾಷ್ ಹುಟ್ಟಿದ್ದು 1861ರ ಸೆಪ್ಟೆಂಬರ್ 23ರಂದು, ಜರ್ಮನಿಯ ಉಲ್ಮ್ ಊರಿನ ಹತ್ತಿರದ ಆಲ್ಬೆಕ್ ಎಂಬ ಹಳ್ಳಿಯಲ್ಲಿ. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವನು. ಅಪ್ಪನಿಗೆ ಹೊಲ ಇತ್ತು, ದಾರಿಹೋಕರ ಛತ್ರದಂಥ ಹೋಟೆಲ್ ಇತ್ತು. ಹುಡುಗ ಉಲ್ಮ್‌ನಲ್ಲಿ ಮೆಕ್ಯಾನಿಕ್ ಕೆಲಸ ಕಲಿಯಲು ಸೇರಿದ. ಅಲ್ಲಿನ ಯಜಮಾನ ಅಂಗಡಿಯಲ್ಲಿ ಇರ್ತಿದ್ದದ್ದೇ ಕಮ್ಮಿ, ಕಲಿಸಿದ್ದು ಇನ್ನೂ ಕಮ್ಮಿ. ಆ ಬೇಸರ ಬಾಷ್‌ನನ್ನು ಕೊನೆವರೆಗೂ ಬಿಡಲಿಲ್ಲ. ಮುಂದೆ ತನ್ನ ಕಾರ್ಖಾನೆಯಲ್ಲಿ ಹುಡುಗರಿಗೆ ಕಲಿಸೋದಕ್ಕೇ ಬೇರೆ ವಿಭಾಗ ತೆರೆದ.

1884ರಲ್ಲಿ ಅಮೆರಿಕಕ್ಕೆ ಹೋಗಿ ಎಡಿಸನ್ ಕಂಪನಿಯಲ್ಲಿ ಕೆಲಸ ಮಾಡಿದ. ಆಮೇಲೆ ಇಂಗ್ಲೆಂಡಿನಲ್ಲಿ ಸೀಮೆನ್ಸ್. 1886ರ ನವೆಂಬರ್ 15ರಂದು ಸ್ಟುಟ್‌ಗಾರ್ಟ್‌ನ ಒಂದು ಕಟ್ಟಡದ ಹಿಂಭಾಗದಲ್ಲಿ ಸ್ವಂತ ವರ್ಕ್‌ಶಾಪ್ ಶುರು ಮಾಡಿದ. ಇದ್ದದ್ದು ಒಬ್ಬ ಮೆಕ್ಯಾನಿಕ್, ಒಬ್ಬ ಕೆಲಸ ಕಲಿಯುವ ಹುಡುಗ. ಟೆಲಿಫೋನ್, ಕರೆಗಂಟೆ, ಯಾರು ಏನು ಹೇಳಿದರೂ ಮಾಡಿಕೊಡ್ತಿದ್ದ. ಗಿರಾಕಿಗಳ ಹತ್ತಿರ ಹೋಗೋಕೆ ಒಂದು ಸೈಕಲ್. 1892ರ ಹೊತ್ತಿಗೆ ಕೆಲಸ ಸಿಗದೆ ಬಹುತೇಕ ಆಳುಗಳನ್ನು ಬಿಡಿಸಬೇಕಾಯ್ತು. ಸಾಲದ ಮೇಲೆ ಸಾಲ.

ಆ ಕಾಲದ ಎಂಜಿನ್ ಸ್ಟಾರ್ಟ್ ಮಾಡೋದು ಎಷ್ಟು ಕಷ್ಟ ಅಂತ ಈಗ ಊಹಿಸೋದೂ ಕಷ್ಟ. ಎಷ್ಟೋ ಗಾಡಿಗಳಲ್ಲಿ ಒಂದು ಸಣ್ಣ ಕೊಳವೆಯನ್ನು ಹೊರಗಿನಿಂದ ಬೆಂಕಿಯಲ್ಲಿ ಕಾಯಿಸಿ, ಆ ಕಾವಿಗೆ ಇಂಧನ ಹೊತ್ತಿಕೊಳ್ಳಬೇಕು. ಪಕ್ಕದಲ್ಲೇ ಪೆಟ್ರೋಲ್! ಗಾಳಿ ಬೀಸಿದರೆ ಬೆಂಕಿ ಆರುತ್ತಿತ್ತು. ಆಯಸ್ಕಾಂತದ ನಡುವೆ ತಂತಿಸುರುಳಿ ಆಡಿಸಿ, ಬ್ಯಾಟರಿಯೇ ಇಲ್ಲದೆ ಕಿಡಿ ಹುಟ್ಟಿಸೋ ಮ್ಯಾಗ್ನೆಟೋ ಆಗಲೇ ಇತ್ತು. ಬಾಷ್ ಅದನ್ನು ಕಂಡುಹಿಡಿದವನಲ್ಲ. 1887ರಲ್ಲಿ ಒಬ್ಬ ಗಿರಾಕಿ ಕೇಳಿದ ಅಂತ, ಬೇರೆ ಕಂಪನಿಯ ಮಾದರಿ ನೋಡಿ ಸುಧಾರಿಸಿ ಮಾಡಿಕೊಟ್ಟ. ಆದರೆ ಅದು ಒಂದೇ ಕಡೆ ನಿಂತು ನಿಧಾನ ಓಡುವ ಎಂಜಿನ್ನಿಗೆ ಸರಿ, ಗಾಡಿಗಲ್ಲ.

1897ರಲ್ಲಿ ಫ್ರೆಡರಿಕ್ ಸಿಮ್ಸ್ ಎಂಬ ವ್ಯಾಪಾರಿ ಒಂದು ದ ದಿಯಾನ್ ಮೂರು ಚಕ್ರದ ಗಾಡಿಯ ಕೆಲಸ ತಂದ. ಅದರ ಎಂಜಿನ್ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತಿತ್ತು. ಭಾರದ ಆರ್ಮೇಚರನ್ನು ಆ ವೇಗದಲ್ಲಿ ಹಿಂದೆ ಮುಂದೆ ಆಡಿಸೋದು ಆಗದ ಮಾತು. ಬಾಷ್‌ನ ಕೈಕೆಳಗಿದ್ದ ಅರ್ನಾಲ್ಡ್ ಝೇರಿಂಗರ್ ಆರ್ಮೇಚರನ್ನು ನಿಲ್ಲಿಸಿಬಿಟ್ಟು, ಅದರ ಸುತ್ತ ಹಗುರವಾದ ಲೋಹದ ಕವಚವನ್ನು ಮಾತ್ರ ಆಡಿಸಿದ. ಕೆಲಸ ಆಯ್ತು. ನಮಗಂತೂ ಇದು ತುಂಬಾ ಇಷ್ಟವಾಯ್ತು. ಯಾವ ಹೊಸ ಸಿದ್ಧಾಂತವೂ ಇಲ್ಲ, ಯಾವ ಭಾಗ ಚಲಿಸಬೇಕು ಅನ್ನೋದನ್ನು ಬದಲಾಯಿಸಿದ ಅಷ್ಟೇ.

ಇಷ್ಟಾದರೂ ಸಿಲಿಂಡರಿನೊಳಗೆ ಕಿಡಿ ಹಾರಿಸೋಕೆ ಕಡ್ಡಿ-ಕೊಂಡಿಗಳು ಬೇಕಾಗಿದ್ದವು, ಅವು ಸವೆಯುತ್ತಿದ್ದವು. ಗಾಟ್ಲೋಬ್ ಹೊನೊಲ್ಡ್ ಅಂತ ಒಬ್ಬ, ಹಿಂದೆ ಬಾಷ್ ಹತ್ತಿರವೇ ಕೆಲಸ ಕಲಿತು, ಕಾಲೇಜು ಓದಿ ವಾಪಸ್ ಬಂದವನು. 1902ರ ಹೊತ್ತಿಗೆ ಆತ ಎರಡು ಸುರುಳಿ ಸುತ್ತಿ ಹೈ ವೋಲ್ಟೇಜ್ ಮ್ಯಾಗ್ನೆಟೋ ಮಾಡಿದ, ಜೊತೆಗೆ ಅದಕ್ಕೆ ತಡೆಯುವ ಸ್ಪಾರ್ಕ್ ಪ್ಲಗ್. ಕಡ್ಡಿ ಕೊಂಡಿ ಎಲ್ಲ ಹೋಯ್ತು. ಸಂಸೆಯ ಜೀಪಿನಲ್ಲಿ ಮ್ಯಾಗ್ನೆಟೋ ಇಲ್ಲ, ಬ್ಯಾಟರಿ ಮತ್ತು ಕಾಯಿಲ್ ಇದೆ. ಅದು ಅಮೆರಿಕದ ಕೆಟರಿಂಗ್ ಬೆಳೆಸಿದ ದಾರಿ. ಆದರೆ ವಿದ್ಯೆ ಒಂದೇ: ಪಾಯಿಂಟ್ ತೆರೆದಾಗ ಕರೆಂಟ್ ತಟ್ಟನೆ ನಿಂತು, ಎರಡನೇ ಸುರುಳಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತೆ. ಕ್ಯಾಪಿನೊಳಗೆ ನೀರಿನ ಪಸೆ ಇದ್ದರೆ ಆ ವೋಲ್ಟೇಜ್ ಪ್ಲಗ್ಗಿಗೆ ಹೋಗದೆ ಪಸೆಯ ಮೇಲೆ ಹರಿದು ಹೋಗುತ್ತೆ. ಅಜ್ಜ ಇದನ್ನು ಓದಿರಲಿಲ್ಲ, ನಾವು ಓದಿದ್ವಿ. ಹೊಳೆದಿದ್ದು ಅಜ್ಜನಿಗೆ.

ಆಮೇಲೆ ದುಡ್ಡು ಬಂತು. 1906ರಲ್ಲೇ ಬಾಷ್ ಎಂಟು ಗಂಟೆ ಕೆಲಸದ ದಿನ ತಂದ. ಬೇರೆ ಮಾಲೀಕರು ಅವನನ್ನು ಕೆಂಪು ಬಾಷ್ ಅಂತ ಕರೆದರು. ಹಾಗಂತ ಜಗಳ ತಪ್ಪಲಿಲ್ಲ, 1913ರಲ್ಲಿ ಅವನ ಕಾರ್ಖಾನೆಯಲ್ಲೂ ಮುಷ್ಕರ ಆಯ್ತು. 1921ರಲ್ಲಿ ಒಬ್ಬನೇ ಇದ್ದ ಮಗ ದೀರ್ಘ ಕಾಯಿಲೆಯಿಂದ ತೀರಿಹೋದ. 1927ರಲ್ಲಿ ಡೀಸೆಲ್ ಪಂಪ್ ತಯಾರಿಕೆ ಶುರುವಾಯ್ತು.

ಮುಂದಿನದನ್ನು ಬರೆಯಬೇಕೋ ಬೇಡವೋ ಅಂತ ನಮ್ಮಲ್ಲೇ ಅರ್ಧ ರಾತ್ರಿ ಜಗಳ ಆಯ್ತು. ಬಾಷ್‌ಗೆ ಹಿಟ್ಲರ್ ಕಂಡರೆ ಆಗ್ತಿರಲಿಲ್ಲ. ಹಿಟ್ಲರ್‌ನ ವಿರೋಧಿ ಗೋರ್ಡಲರ್‌ಗೆ ಕಂಪನಿಯಲ್ಲಿ ಜಾಗ ಕೊಟ್ಟ, ಯಹೂದಿಗಳಿಗೆ ಸಹಾಯ ಮಾಡಿದ. ಅದೇ ಕಂಪನಿ ಹಿಟ್ಲರ್‌ನ ಸೈನ್ಯಕ್ಕೆ ಬೇಕಾದ ಭಾಗಗಳನ್ನೂ ಮಾಡಿತು, ಬಲವಂತವಾಗಿ ಹಿಡಿದು ತಂದವರ ಕೈಲಿ ದುಡಿಸಿತು. ಎರಡೂ ನಿಜ. ಒಂದನ್ನು ಬರೆದು ಇನ್ನೊಂದನ್ನು ಬಿಡೋದು ನಮಗೆ ಸರಿ ಕಾಣಲಿಲ್ಲ. 1942ರ ಮಾರ್ಚ್ 12ರಂದು ಬಾಷ್ ಸ್ಟುಟ್‌ಗಾರ್ಟ್‌ನಲ್ಲಿ ಸತ್ತಾಗ, ಅವನು ದ್ವೇಷಿಸುತ್ತಿದ್ದ ಸರ್ಕಾರವೇ ದೊಡ್ಡ ಶವಯಾತ್ರೆ ನಡೆಸಿತು. ಇವತ್ತು ಕಂಪನಿಯ ಬಹುಪಾಲು ಷೇರು ಅವನ ಹೆಸರಿನ ಸೇವಾಸಂಸ್ಥೆಯ ಕೈಲಿದೆ.

ಸತ್ತ ಒಂಬತ್ತು ವರ್ಷಕ್ಕೆ, 1951ರಲ್ಲಿ, ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಹುಟ್ಟಿತು. ಅದೇ ಮೈಕೋ. ಆಡುಗೋಡಿಯಲ್ಲಿ ಕಾರ್ಖಾನೆ. 2008ರಲ್ಲಿ ಹೆಸರು ಬಾಷ್ ಅಂತ ಬದಲಾಯ್ತು, ಅಜ್ಜನ ಬಾಯಲ್ಲಿ ಇನ್ನೂ ಮೈಕೋನೇ.

ಬೆಳಿಗ್ಗೆ ಏಳಕ್ಕೆ ಜೀಪು ಎರಡನೇ ಸಲಕ್ಕೆ ಸ್ಟಾರ್ಟ್ ಆಯ್ತು. ಅಜ್ಜಿ ಮುಂದೆ ಕೂತ್ರು, ನಾವು ಐದೂ ಜನ ಹಿಂದೆ. ಸವೆದ ಪ್ಲಗ್ ಈಗ ನಮ್ಮ ರೂಮಿನ ಕಿಟಕಿ ಮೇಲಿದೆ.