ಜೋಸೆಫ್ ವಿಟ್‌ವರ್ತ್

ಸರ್ ಜೋಸೆಫ್ ವಿಟ್‌ವರ್ತ್ (21 ಡಿಸೆಂಬರ್ 1803 – 22 ಜನವರಿ 1887) ಇಂಗ್ಲೆಂಡಿನ ಯಂತ್ರಶಿಲ್ಪಿ, ಉದ್ಯಮಿ ಹಾಗೂ ದಾನಿ. ನಿಖರವಾದ ಅಳತೆಯನ್ನು ಯಂತ್ರೋದ್ಯಮದ ತಳಹದಿಯಾಗಿಸಿದವರಲ್ಲಿ ಇವರು ಪ್ರಮುಖರು. ರೈಫಲ್ ನಳಿಗೆಯ ದೋಷಗಳನ್ನು ಪ್ರಯೋಗಗಳ ಮೂಲಕ ಪತ್ತೆಹಚ್ಚಿದ್ದಕ್ಕಾಗಿಯೂ ಇವರು ಪ್ರಸಿದ್ಧರು.

ಆರಂಭಿಕ ಜೀವನ

ಇವರು ಸ್ಟಾಕ್‌ಪೋರ್ಟ್‌ನಲ್ಲಿ ಜನಿಸಿದರು. ಲಂಡನ್ನಿನಲ್ಲಿ ಹೆನ್ರಿ ಮಾಡ್‌ಸ್ಲೆಯವರ ಕಾರ್ಖಾನೆಯಲ್ಲಿ ದುಡಿದು, 1833ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಸ್ವಂತ ಉದ್ಯಮವನ್ನು ಆರಂಭಿಸಿದರು. 1841ರಲ್ಲಿ ಸ್ಕ್ರೂ ಎಳೆಗಳಿಗೆ ಏಕರೂಪದ ಅಳತೆಯನ್ನು ಸೂಚಿಸಿದರು. ಅಂಗುಲದ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ವ್ಯತ್ಯಾಸವನ್ನೂ ಗುರುತಿಸಬಲ್ಲ ಮಾಪನ ಯಂತ್ರವನ್ನು ನಿರ್ಮಿಸಿದರು.

ನಳಿಗೆಯ ಪ್ರಯೋಗಗಳು

1854ರಲ್ಲಿ ಬ್ರಿಟಿಷ್ ಸರ್ಕಾರವು ಎನ್‌ಫೀಲ್ಡ್ ರೈಫಲ್‌ಗಳನ್ನು ತಯಾರಿಸುವ ಯಂತ್ರಗಳನ್ನು ರೂಪಿಸಿಕೊಡುವಂತೆ ಇವರನ್ನು ಕೇಳಿತು. ಒಂದೇ ಮಾದರಿಯ ಬಂದೂಕುಗಳಲ್ಲಿ ಕೆಲವು ನೇರವಾಗಿ, ಕೆಲವು ಗುರಿತಪ್ಪಿ ಹೊಡೆಯುತ್ತಿದ್ದವು. ಅದರ ಕಾರಣ ತಿಳಿಯದೆ ಯಂತ್ರಗಳನ್ನು ನಿರ್ಮಿಸುವುದು ವ್ಯರ್ಥವೆಂದು ವಿಟ್‌ವರ್ತ್ ಭಾವಿಸಿದರು. ಸರ್ಕಾರದ ವೆಚ್ಚದಲ್ಲಿ ಅವರ ಮನೆಯ ಆವರಣದಲ್ಲಿ 500 ಗಜ ಉದ್ದದ ಮುಚ್ಚಿದ ಓಣಿಯೊಂದನ್ನು ಕಟ್ಟಲಾಯಿತು. ಬಿರುಗಾಳಿಗೆ ಅದು ಕುಸಿದಾಗ ಮತ್ತೆ ಕಟ್ಟಬೇಕಾಯಿತು. ಓಣಿಯುದ್ದಕ್ಕೂ ತೆಳು ಕಾಗದದ ಪರದೆಗಳನ್ನು ತೂಗುಹಾಕಿ, ಗುಂಡು ಮಾಡಿದ ರಂಧ್ರಗಳಿಂದ ಅದರ ಪಥವನ್ನು ಗುರುತಿಸಲಾಯಿತು.

ದೋಷವು ನಳಿಗೆಯ ರಚನೆಯಲ್ಲಿಯೇ ಇದೆಯೆಂದು ಅವರು ಕಂಡುಕೊಂಡರು. ಎನ್‌ಫೀಲ್ಡ್‌ನ ಒಳರಂಧ್ರ 0.577 ಅಂಗುಲವಿದ್ದು, ಅದರ ಸುರುಳಿಗೆರೆಗಳು 78 ಅಂಗುಲಕ್ಕೆ ಒಂದು ಸುತ್ತು ತಿರುಗುತ್ತಿದ್ದವು. ಉದ್ದನೆಯ ಗುಂಡನ್ನು ಸ್ಥಿರವಾಗಿ ಹಾರಿಸಲು ಈ ತಿರುವು ಸಾಲದು. ಆದ್ದರಿಂದ ಅವರು ಸುಮಾರು 0.45 ಅಂಗುಲದ, 20 ಅಂಗುಲಕ್ಕೊಂದು ಸುತ್ತುಳ್ಳ ಷಟ್ಕೋನಾಕಾರದ ಒಳರಂಧ್ರವನ್ನು ರೂಪಿಸಿದರು.

ಪರೀಕ್ಷೆ ಮತ್ತು ತಿರಸ್ಕಾರ

1857ರಲ್ಲಿ ಹೈತ್‌ನಲ್ಲಿ ನಡೆದ ಪರೀಕ್ಷೆಯಲ್ಲಿ, 500 ಗಜ ದೂರದಲ್ಲಿ ಎನ್‌ಫೀಲ್ಡ್‌ನ ಸರಾಸರಿ ವಿಚಲನೆ 2.24 ಅಡಿಯಾದರೆ ವಿಟ್‌ವರ್ತ್ ರೈಫಲ್‌ನದು 0.37 ಅಡಿ ಮಾತ್ರ. ಆದರೂ ಸೈನ್ಯವು ಅದನ್ನು ಸಾಮಾನ್ಯ ಬಳಕೆಗೆ ಸ್ವೀಕರಿಸಲಿಲ್ಲ. ರಂಧ್ರ ಕಿರಿದಾದುದರಿಂದ ಮದ್ದಿನ ಮಸಿ ಬೇಗನೆ ಕಟ್ಟಿಕೊಳ್ಳುತ್ತಿತ್ತು. ತಯಾರಿಕೆಯ ವೆಚ್ಚವೂ ಅಧಿಕವಾಗಿತ್ತು. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಸೈನ್ಯದ ಗುರಿಕಾರರು ಈ ರೈಫಲನ್ನು ಬಳಸಿದರು. ಬ್ರಿಟಿಷ್ ಸೈನ್ಯವು 1871ರಲ್ಲಿ ಸ್ವೀಕರಿಸಿದ ಮಾರ್ಟಿನಿ-ಹೆನ್ರಿ ರೈಫಲ್‌ನ ನಳಿಗೆಯೂ 0.45 ಅಂಗುಲದ್ದೇ ಆಗಿತ್ತು.

ಕೊನೆಯ ವರ್ಷಗಳು

1868ರಲ್ಲಿ ತಾಂತ್ರಿಕ ವಿದ್ಯಾರ್ಥಿಗಳಿಗಾಗಿ ವಿದ್ಯಾರ್ಥಿವೇತನವನ್ನು ಸ್ಥಾಪಿಸಿದರು. 1869ರಲ್ಲಿ ಬ್ಯಾರೊನೆಟ್ ಪದವಿ ಪಡೆದರು. ಮಾಂಟೆ ಕಾರ್ಲೊದಲ್ಲಿ ನಿಧನರಾದರು. ಇವರ ಸಂಪತ್ತಿನ ಬಹುಭಾಗವು ಮ್ಯಾಂಚೆಸ್ಟರ್‌ನ ಸಾರ್ವಜನಿಕ ಸಂಸ್ಥೆಗಳಿಗೆ ಸಂದಿತು.